ಶಂಕರಪ್ಪ ಹೊಡೆದ ಚೆಂಡು

ಶಂಕರಪ್ಪನಿಗೆ ನಾನು ಇಪ್ಪತ್ತು ರೂಪಾಯಿ ಕೂಲಿ ಬಾಕಿ ಇಟ್ಟಿದ್ದೇನೆ. 1991ರ ನವೆಂಬರ್ ತಿಂಗಳ ಒಂದು ಭಾನುವಾರದ ಕೂಲಿ ಅದು. ವಿಶಾಖಪಟ್ಟಣದ ಗಾಲ್ಫ್ ಮೈದಾನದಲ್ಲಿ ಅವನು ಅಂದು ನನ್ನ ಚೀಲ ಹೊತ್ತು ಹದಿನಾಲ್ಕನೇ ಗುಂಡಿಯ ತನಕ ನಡೆದ. ಹದಿನೆಂಟೂ ಗುಂಡಿ ಮುಗಿಸಿದರೆ ಮಾತ್ರ ಕೂಲಿ ಎಂಬುದು ಅಲ್ಲಿನ ರಿವಾಜು. ಹದಿನಾಲ್ಕನೆಯದರಲ್ಲೇ ಅವನನ್ನು ಹೊರಗೆ ಹಾಕಿದರು. ಹಾಕಿಸಿದವನು ನಾನು.

ನನ್ನ ಹೆಸರು ಲಿಂಗರಾಜ, ದಾವಣಗೆರೆಯವನು. ಬ್ಯಾಂಕಿನಲ್ಲಿ ಗುಮಾಸ್ತನಾಗಿ 1979ರಲ್ಲಿ ವಿಜಯವಾಡದ ಒನ್ ಟೌನ್ ಶಾಖೆಗೆ ಬಂದೆ. ಅಲ್ಲಿದ್ದ ಒಂಬತ್ತು ವರ್ಷ ಬ್ಯಾಂಕಿನ ಕೆಲಸಕ್ಕಿಂತ ನೌಕರರ ಸಂಘದ ಕೆಲಸವನ್ನೇ ಹೆಚ್ಚು ಮಾಡಿದೆ. ದಿನಗೂಲಿ ಜವಾನರನ್ನು ಕಾಯಂ ಮಾಡಿ ಎಂದು ಬಾಗಿಲಿಗೆ ಅಡ್ಡ ಮಲಗಿದ್ದೇನೆ, ಲಾಠಿ ತಿಂದಿದ್ದೇನೆ, ಹನ್ನೊಂದು ದಿನ ಜೈಲಿನ ಚಿತ್ರಾನ್ನ ತಿಂದಿದ್ದೇನೆ. ಇದನ್ನು ಎದೆ ತಟ್ಟಿಕೊಳ್ಳಲು ಬರೆಯುತ್ತಿಲ್ಲ. ಮುಂದೆ ಬರುವ ಲಿಂಗರಾಜನೂ ಇವನೇ, ಬೇರೆ ಯಾರೋ ಅಲ್ಲ ಎಂಬುದು ತಿಳಿದಿರಲಿ ಅಂತ ಬರೆಯುತ್ತಿದ್ದೇನೆ.

1988ರಲ್ಲಿ ಬಡ್ತಿ ಕೊಟ್ಟರು, ತೆಗೆದುಕೊಂಡೆ. ಸಂಘದವನನ್ನು ಆಫೀಸರ್ ಮಾಡಿ ಬಾಯಿ ಮುಚ್ಚಿಸುವುದು ಹಳೇ ಉಪಾಯ. ಬೇರೆಯವರು ಆ ಬಲೆಗೆ ಬಿದ್ದಾಗ ನಾನೇ ಭಾಷಣ ಮಾಡಿದ್ದೆ. ವಿಶಾಖಪಟ್ಟಣಕ್ಕೆ ಹಾಕಿದರು. ಹೆಂಡತಿ ಪದ್ಮಾ ದಾವಣಗೆರೆಯಲ್ಲಿ ಶಾಲೆಯ ಮೇಡಂ, ಬಿಟ್ಟು ಬರುವ ಹಾಗಿರಲಿಲ್ಲ. ವರ್ಷಕ್ಕೆ ಎರಡು ಸಲ ರೈಲು ಹತ್ತಿ ನೆಂಟನ ಹಾಗೆ ಹೋಗಿ ಬರುತ್ತಿದ್ದೆ. ಕರ್ನಾಟಕಕ್ಕೆ ವರ್ಗ ಕೇಳಿ ಹಾಕಿದ ಅರ್ಜಿಗಳು ರೀಜನಲ್ ಮ್ಯಾನೇಜರ್ ಸತ್ಯಮೂರ್ತಿಯವರ ಮೇಜಿನಲ್ಲಿ ಕಾವು ಕೂತಿದ್ದವು. ಸತ್ಯಮೂರ್ತಿಯವರಿಗೆ ಭಾನುವಾರವೆಂದರೆ ಗಾಲ್ಫ್. ನಮ್ಮ ಶಾಖೆಯ ಶೇಷಗಿರಿ, ಕುಂದಾಪುರದ ಕಡೆಯವನು, ಅದನ್ನು ಮೊದಲೇ ಅರಿತವನು. ಒಂದು ದಿನ ಕ್ಯಾಂಟೀನಿನಲ್ಲಿ ನನ್ನ ಕಿವಿಗೆ ಹಾಕಿದ.

"ಎಂತದಾ ಮಾರಾಯ, ಅರ್ಜಿ ಬರೆದು ಬರೆದು ಕೈ ನೋಯಿಸಿಕೊಳ್ತೀಯ. ಆ ಮನುಷ್ಯನ ಹಿಂದೆ ಹದಿನೆಂಟು ಗುಂಡಿ ನಡಿ. ಕಾಗದ ತಾನಾಗಿ ನಡೀತದೆ."

ನಾನು ನಡೆದೆ. ಹಳೆಯ ಕೋಲುಗಳ ಒಂದು ಚೀಲವನ್ನು ಯಾರಿಂದಲೋ ಎರವಲು ತಂದು, ಸಂಘದ ಹಳೇ ಗೆಳೆಯರ ಕಣ್ಣಿಗೆ ಬೀಳಬಾರದೆಂದು ಹಾಸಿಗೆಯ ಚಾದರ ಸುತ್ತಿ ರಿಕ್ಷಾದಲ್ಲಿ ಒಯ್ಯುತ್ತಿದ್ದೆ. ಹೆಣ ಸಾಗಿಸುವವನ ಹಾಗೆ.

ಆ ಮೈದಾನದಲ್ಲಿ ಚೀಲ ಹೊರುವವರು ಮೂವತ್ತೈದು ಜನ. ಎಲ್ಲರಿಗೂ ಹಿತ್ತಾಳೆಯ ಬಿಲ್ಲೆ. ಮೂವತ್ತೊಂದನೇ ಬಿಲ್ಲೆಯವನು ನನ್ನ ಚೀಲ ಎತ್ತಿಕೊಂಡು, ನಾನು ಶೇಷಗಿರಿಯ ಜೊತೆ ಆಡಿದ ಮಾತು ಕೇಳಿ, ಮೆಲ್ಲಗೆ ಅಂದ: "ನೀವು ದಾವಣಗೆರಿ ಕಡೇರು ಏನ್ರಿ?"

ಅವನೇ ಶಂಕರಪ್ಪ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಹತ್ತಿರದವನು. 1981ರಲ್ಲಿ ಮಣ್ಣು ಅಗೆಯುವ ಒಂದು ಗುಂಪಿನ ಜೊತೆ, ಇಲ್ಲಿ ದೊಡ್ಡ ಕಾರ್ಖಾನೆ ಕಟ್ಟುತ್ತಾರೆ ಎಂದು ಬಂದಿದ್ದ. ಪಾಯ ಅಗೆದದ್ದು ಎರಡು ವರ್ಷ. ಗುತ್ತಿಗೆದಾರ ಒಂದು ಬೆಳಗ್ಗೆ ಕಾಣೆಯಾದ. ಗುಂಪು ಚದುರಿತು. ಇವನೊಬ್ಬ ಉಳಿದ. ಗಾಲ್ಫ್ ಮೈದಾನದಲ್ಲಿ ಒಂದು ಹಳ್ಳ ತೋಡಬೇಕು ಎಂದಾಗ ಗುದ್ದಲಿ ಹಿಡಿದು ಹೋದ. ಹದಿನಾಲ್ಕನೇ ಗುಂಡಿಯ ಎದುರಿಗೆ ಅಡ್ಡಲಾಗಿ ಬಾಯಿ ತೆರೆದುಕೊಂಡಿರುವ ಕೆಮ್ಮಣ್ಣಿನ ಹಳ್ಳ ಅದೇ. ಹಳ್ಳ ಮುಗಿದ ಮೇಲೆ ಬಿಲ್ಲೆ ಕೊಟ್ಟು ಚೀಲ ಹೊರಿಸಿದರು. ನಾನು ಕಂಡಾಗ ಅವನಿಗೆ ಮೂವತ್ತಾರು ವರ್ಷ, ಎರಡು ಮಕ್ಕಳ ತಂದೆ. ಸದಸ್ಯರು ಅವನನ್ನು 'ಬಾಯ್' ಎಂದು ಕರೆಯುತ್ತಿದ್ದರು. ಹೆಂಡತಿ ಕನಕಲಕ್ಷ್ಮಿ ವಿಜಯವಾಡದವಳು, ತೆಲುಗಿನವಳು. ಮನೆಯಲ್ಲಿ ಕನ್ನಡ ಆಡುವವರಿಲ್ಲ. ನನ್ನ ಜೊತೆ ಮಾತಾಡುವಾಗ ಅವನಿಗೆ ಕನ್ನಡ ತೊಟ್ಟಿಕ್ಕುತ್ತಾ ತೊಟ್ಟಿಕ್ಕುತ್ತಾ ಆಮೇಲೆ ಧಾರೆಯಾಗುತ್ತಿತ್ತು, ತುಕ್ಕು ಹಿಡಿದ ನಲ್ಲಿ ಬಿಟ್ಟ ಹಾಗೆ.

ಚೀಲ ಹೊರುವವನು ಕೋಲು ಕೊಡಬಹುದು, ಒರೆಸಬಹುದು, ಬಾಯಲ್ಲಿ ಸಲಹೆ ಹೇಳಬಹುದು. ಸದಸ್ಯರು ಆಡುವ ಹೊತ್ತಿನಲ್ಲಿ ಮೈದಾನದೊಳಗೆ ಚೆಂಡು ಮಾತ್ರ ಹೊಡೆಯಕೂಡದು. ಹೊಡೆದರೆ ಬಿಲ್ಲೆ ಹೋಯಿತು; ಆಡುವವರೇ ಹೊಡೆಸಿದ್ದರೆ ಮಾತ್ರ ತಪ್ಪು ಅವರದು. ಸೋಮವಾರ ಮೈದಾನಕ್ಕೆ ರಜ, ಅಂದು ನೆತ್ತಿ ಸುಡುವ ಹೊತ್ತಿನಲ್ಲಿ ಅವರವರೇ ಆಡಿಕೊಳ್ಳಬಹುದು. ಶಂಕರಪ್ಪ ಕಟ್ಟಡದ ಸರಳೊಂದನ್ನು ಕಮ್ಮಾರನ ಹತ್ತಿರ ಕಾಯಿಸಿ ಬಡಿಸಿ ಕೋಲು ಮಾಡಿಸಿಕೊಂಡಿದ್ದ. ಆ ಒಂದೇ ಕೋಲಿನಲ್ಲಿ ಅವನು ಪ್ರತಿ ಸೋಮವಾರ ಉಳಿದ ಮೂವತ್ನಾಲ್ಕು ಜನರನ್ನು ಸೋಲಿಸುತ್ತಿದ್ದ. ಅವನ ಕಣ್ಣೆಲ್ಲ ಇದ್ದದ್ದು 'ಮಾರ್ಕರ್' ಹುದ್ದೆಯ ಮೇಲೆ. ಮಾರ್ಕರ್ ಎಂದರೆ ಸದಸ್ಯರಿಗೆ ಆಟ ಕಲಿಸುವವನು. ಅವನು ಹಗಲಲ್ಲಿ, ಎಲ್ಲರೆದುರು ಕೋಲು ಹಿಡಿಯಬಹುದು. ತಿಂಗಳ ಸಂಬಳ, ಮಲಗಲು ಒಂದು ಖೋಲಿ. ಇದ್ದ ಮಾರ್ಕರ್‌ಗೆ ವಯಸ್ಸಾಗಿತ್ತು. ಆ ಡಿಸೆಂಬರಿಗೆ ಹೊಸಬನನ್ನು ಬಿಲ್ಲೆಯವರಲ್ಲೇ ಆರಿಸುತ್ತೇವೆಂದು ಕ್ಲಬ್ಬು ಹೇಳಿತ್ತು. ಯಾರನ್ನು ಎಂಬುದು ಎಲ್ಲರಿಗೂ ಗೊತ್ತಿತ್ತು.

ನನ್ನ ಆಟದ ಕಥೆ ಹೇಳಿದರೆ ನಗುತ್ತೀರಿ. ಉದ್ದ ಕೋಲಿನಲ್ಲಿ ಹೇಗೋ ದೂರ ಬಡಿಯುತ್ತಿದ್ದೆ. ನೂರು ಗಜ ಉಳಿದು, ಎಂಟು, ಒಂಬತ್ತನೇ ನಂಬರಿನ ಗಿಡ್ಡ ಕೋಲು ಕೈಗೆ ಬಂದರೆ ನನ್ನ ಕಥೆ ಮುಗಿಯಿತು. ಒಂದೋ ಚೆಂಡಿಗಿಂತ ಅರ್ಧ ಅಡಿ ಹಿಂದೆ ನೆಲಕ್ಕೆ ಗುದ್ದಿ ಮಣ್ಣು ಹಾರಿಸುತ್ತಿದ್ದೆ, ಇಲ್ಲವೇ ಚೆಂಡಿನ ನೆತ್ತಿಗೆ ತಾಗಿಸಿ ಅದನ್ನು ಇಲಿಯ ಹಾಗೆ ಓಡಿಸುತ್ತಿದ್ದೆ. ಶಂಕರಪ್ಪ ಇದನ್ನು ಮೂರು ಭಾನುವಾರ ನೋಡಿದ. ಆಮೇಲೆ ಬೆಳಗ್ಗೆ ಆರಕ್ಕೆ, ಬೇಲಿಯ ಹೊರಗೆ, ಗೇರುಮರಗಳ ಆಚೆಯ ಬಯಲಿಗೆ ಬನ್ನಿ ಎಂದ. ಅಲ್ಲಿ ಯಾವ ಕಾನೂನೂ ಇರಲಿಲ್ಲ.

ಮೊದಲ ದಿನ ಕೆಮ್ಮಣ್ಣಿನಲ್ಲಿ ಹೆಬ್ಬೆರಳಿನಿಂದ ಒಂದು ಗೆರೆ ಎಳೆದ. ಚೆಂಡನ್ನು ನಾನು ಎಡಗಾಲಿನ ಹಿಮ್ಮಡಿಯ ನೇರಕ್ಕೆ ಇಟ್ಟುಕೊಂಡು ನಿಲ್ಲುತ್ತಿದ್ದೆ. ಅದನ್ನು ಕಾಲಿನಿಂದ ದೂಡಿ ಎರಡು ಪಾದಗಳ ನಡುವೆ ಗೆರೆಯ ಮೇಲೆ ತಂದಿಟ್ಟ. ಉದ್ದ ಕೋಲಿಗೆ ಚೆಂಡು ಮುಂದೆ, ಗಿಡ್ಡ ಕೋಲಿಗೆ ನಡುವೆ. ಅಷ್ಟು ಸರಿಮಾಡಿದರೂ ನಾನು ಮಣ್ಣನ್ನೇ ಗುದ್ದಿದೆ. ಅವನು ನನ್ನ ಬಲಗಾಲನ್ನು ನೋಡುತ್ತಾ ನಿಂತ. ಮೈಯ ಭಾರವೆಲ್ಲ ಅಲ್ಲೇ ಕುಂಡಿ ಊರಿತ್ತು.

"ಸಾರ್, ನೀವು ಬಾಲನ್ನ ಎತ್ತಾಕ ಹೊಂಟೀರಿ. ಕೂಸನ್ನ ತೊಟ್ಟಿಲದಾಗಿಂದ ಎತ್ತಿದಂಗ. ಅದನ್ನ ಎತ್ತಬ್ಯಾಡ್ರಿ, ಕೆಳಗ ಹೊಡೀರಿ. ಮ್ಯಾಲ ಹೋಗೋದು ಅದರ ಕೆಲಸ."

ಕೆಳಗೆ ಹೊಡೆದರೆ ಮೇಲೆ ಹೇಗೆ ಹೋಗುತ್ತದೆ ಎಂದು ನಾನು ವಾದಿಸಿದೆ. ವಾದ ನನಗೆ ಚೆನ್ನಾಗಿ ಬರುತ್ತಿತ್ತು. ಅವನು ವಾದಿಸಲಿಲ್ಲ. ಗುದ್ದಲಿ ಹೊಡೆಯುವವನು ಹಿಂದಕ್ಕೆ ವಾಲಿಕೊಂಡು ಹೊಡೆದರೆ ಏನಾಗುತ್ತದೆ ಎಂದು ಕೇಳಿದ. ನಾನು ಯಾವತ್ತೂ ಗುದ್ದಲಿ ಹಿಡಿದವನಲ್ಲ. ಅವನೇ ಹೇಳಿದ: ಗುದ್ದಲಿ ತನ್ನ ಕಾಲಿನ ಮೇಲೇ ಬೀಳುತ್ತದೆ. ಏಟು ಇಳಿಯುವ ಮೊದಲೇ ಮೈ ಮುಂದಿನ ಕಾಲಿಗೆ ಹೋಗಿರಬೇಕು. ಕೋಲು ಮೊದಲು ಚೆಂಡಿಗೆ ತಾಗಿ ಆಮೇಲೆ ನೆಲಕ್ಕೆ ತಾಗಬೇಕು. ಮಣ್ಣು ಹಾರಿದರೆ ಗೆರೆಯ ಆಚೆ ಹಾರಬೇಕು, ಈಚೆ ಅಲ್ಲ.

ನನ್ನ ಬಲಪಾದದ ಹೊರಅಂಚಿನ ಕೆಳಗೆ ಅವನ ಹವಾಯಿ ಚಪ್ಪಲಿ ತುರುಕಿದ, ಭಾರ ಆಚೆ ಜಾರದ ಹಾಗೆ. ಹೊಡೆದು ಮುಗಿದಾಗ ಬಲಗಾಲಿನ ಬೆರಳು ಮಾತ್ರ ನೆಲದ ಮೇಲಿರಬೇಕು, ಹೊಟ್ಟೆ ಗುಂಡಿಯ ಬಾವುಟ ಇರುವ ಕಡೆ ನೋಡಬೇಕು. ಆಗದಿದ್ದಾಗ ಕೋಲು ಇಸಕೊಂಡು ತಾನೇ ಒಂದು ಹೊಡೆದು ತೋರಿಸುತ್ತಿದ್ದ. ಸದ್ದೇ ಬೇರೆ. ನನ್ನದು ಒದ್ದೆ ಬಟ್ಟೆ ಒಗೆದ ಸದ್ದು. ಅವನದು ಎಳೇ ಸೌತೆಕಾಯಿ ಮುರಿದ ಸದ್ದು. ಆಮೇಲೆ ಅವನ ಮಣ್ಣು ಗೆರೆಯಾಚೆ ಅಂಗೈಯಷ್ಟಗಲ ತೆಳ್ಳಗೆ ಎದ್ದಿರುತ್ತಿತ್ತು. ಹೀಗೆ ನಾನು ಸೋತಾಗಲೆಲ್ಲ "ನೀನೊಂದು ಹೊಡೆದು ತೋರ್ಸು" ಎನ್ನುವುದು ನನ್ನ ಬಾಯಿಗೆ ರೂಢಿಯಾಯಿತು. ಆ ರೂಢಿಯೇ ಅವನನ್ನು ತಿಂದಿತು.

ಆ ಭಾನುವಾರ ನಾವು ನಾಲ್ವರು. ಸತ್ಯಮೂರ್ತಿ, ಅವರ ಗೆಳೆಯರೊಬ್ಬರು, ಶೇಷಗಿರಿ, ನಾನು. ವರ್ಗದ ಪಟ್ಟಿ ಮುಂದಿನ ವಾರ ಮದರಾಸಿನ ಹೆಡ್ಡಾಫೀಸಿಗೆ ಹೋಗುವುದಿತ್ತು. ಹದಿಮೂರು ಗುಂಡಿ ಮಾನ ಉಳಿಸಿಕೊಂಡು ದಾಟಿದೆ. ಹದಿನಾಲ್ಕನೆಯದರಲ್ಲಿ ಹಳ್ಳದ ಈಚೆ ತೊಂಬತ್ತು ಗಜದಲ್ಲಿ ನಿಂತು ಎರಡು ಚೆಂಡನ್ನು ಹಳ್ಳಕ್ಕೆ ಕೊಟ್ಟೆ. ಸತ್ಯಮೂರ್ತಿಯೂ ಗೆಳೆಯರೂ ಆಚೆ ದಾಟಿ, ಗುಂಡಿಯ ಸುತ್ತ ಹುಲ್ಲಿನ ಬದಲು ಎಣ್ಣೆ ಕಲಸಿದ ಮರಳು ಹಾಸಿದ ವೃತ್ತದ ಹತ್ತಿರ ನಮಗೆ ಬೆನ್ನು ಹಾಕಿ ಸಮುದ್ರ ನೋಡುತ್ತಿದ್ದರು. ಶೇಷಗಿರಿ ನನ್ನಿಂದ ನಾಲ್ಕು ಮಾರು ದೂರ.  ಒಂಬತ್ತನೇ ನಂಬರಿನ ಕೋಲನ್ನು ಶಂಕರಪ್ಪನ ಕೈಗೆ ಚಾಚಿದೆ.

"ನೀನೊಂದು ಹೊಡೆದು ತೋರ್ಸು ಶಂಕರಪ್ಪ."

"ಬ್ಯಾಡ್ರಿ ಸಾರ್. ಇಲ್ಲಿ ಬ್ಯಾಡ."

"ಯಾರು ನೋಡ್ತಾರೆ? ನಮ್ಮ ಮಾತು ಇಲ್ಲಿ ಯಾರಿಗೆ ತಿಳೀತೈತಿ?"

ಅವನು ಸುತ್ತ ನೋಡಿದ. ಆ ಹಳ್ಳ ಅವನದೇ ಗುದ್ದಲಿಯದು. ಏಳೆಂಟು ವರ್ಷ ದಿನಾ ಅದರ ದಂಡೆಯಲ್ಲಿ ಚೀಲ ಹೊತ್ತು ನಿಂತಿದ್ದ. ನಿಜವಾದ ಕೋಲಿನಿಂದ ಅದನ್ನು ಒಮ್ಮೆಯೂ ದಾಟಿಸಿರಲಿಲ್ಲ. ಅವನಿಗೂ ಆಸೆಯಾಗಿರಬೇಕು. ಕೋಲು ತೆಗೆದುಕೊಂಡ. ಚೆಂಡು ಎರಡು ಪಾದಗಳ ನಡುವೆ. ಸೌತೆಕಾಯಿ ಮುರಿದ ಸದ್ದು. ಚೆಂಡು ಹಳ್ಳ ದಾಟಿ, ಬಾವುಟದ ಬುಡದಲ್ಲಿ ಬಿದ್ದು ಅಲ್ಲೇ ಕೂತಿತು.

ಸತ್ಯಮೂರ್ತಿ ತಿರುಗಿ ನೋಡಿದರು. ನನ್ನ ಚೆಂಡು ಎಂದುಕೊಂಡು, ಎರಡೂ ಕೈಯೆತ್ತಿ ಶಾಭಾಸ್ ಎಂದು ಕೂಗಿದರು. ನಾನು ಕೈಯೆತ್ತಿದೆ.

ಇದನ್ನು ಬರೆಯುವಾಗ ಈಗಲೂ ಆ ಕೈಯನ್ನು ಏನು ಮಾಡಬೇಕೋ ತಿಳಿಯುವುದಿಲ್ಲ.

ಹಿಂದಿನ ತಂಡದಲ್ಲಿ ಬಂದರಿನ ನಿವೃತ್ತ ಅಧಿಕಾರಿಯೊಬ್ಬರಿದ್ದರು, ಕಟ್ಟುನಿಟ್ಟಿನ ಮನುಷ್ಯ. ತಾಳೆಮರದ ಮರೆಯಿಂದ ಎಲ್ಲ ನೋಡಿದ್ದರು, ಕೇಳಿದ್ದರು. ನನ್ನ ಮಾತಿನ ಅರ್ಥ ಅವರಿಗೆ ಆಗಿರಲಿಲ್ಲ. ಆದರೆ ಸದ್ದನ್ನು ಕೇಳಿದ ಹಾಗೇ ಅಂಕದ ಕಾರ್ಡಿನ ಹಿಂದೆ ತೆಲುಗು ಅಕ್ಷರದಲ್ಲಿ ಬರೆದುಕೊಂಡು ಕ್ಲಬ್ಬಿನ ಸೆಕ್ರೆಟರಿಯನ್ನು ಕರೆಸಿದರು. ಹತ್ತು ನಿಮಿಷದಲ್ಲಿ ಹಳ್ಳದ ದಂಡೆಯಲ್ಲೇ ವಿಚಾರಣೆ. ಸತ್ಯಮೂರ್ತಿಯೂ ದಾಟಿ ಬಂದು ನಿಂತರು.

ಶಂಕರಪ್ಪ ತೆಲುಗಿನಲ್ಲಿ ನೇರವಾಗಿ ಹೇಳಿದ: ಸಾಹೇಬರು ಹೊಡೆ ಅಂದರು, ಹೊಡೆದೆ. ಅವನೇನೂ ಮೂಗಬಸವನಲ್ಲ. ಸೆಕ್ರೆಟರಿ ಕಾರ್ಡಿನಲ್ಲಿದ್ದುದನ್ನು ಒಂದೊಂದೇ ಅಕ್ಷರ ಕೂಡಿಸಿ ನನಗೆ ಓದಿದರು. ನೀನೊಂದು ಹೊಡೆದು ತೋರ್ಸು. ಇದು ನಿಮ್ಮ ಮಾತೇ? ಹೌದು ಎಂದೆ. ಇದರ ಅರ್ಥವೇನು?

ಸತ್ಯಮೂರ್ತಿ ನನ್ನ ಮುಖ ನೋಡುತ್ತಿದ್ದರು. ನನ್ನ ಕೈ ಆಗಲೇ ಮೇಲೆ ಹೋಗಿ ಬಂದಿತ್ತು. ಪಟ್ಟಿ ಮುಂದಿನ ವಾರ. ಪದ್ಮಾಳ ಹೆಸರನ್ನು ಇಲ್ಲಿ ತರಲಾರೆ, ಅವಳು ಸುಳ್ಳು ಹೇಳು ಎಂದಿರಲಿಲ್ಲ.

"ಸ್ವಲ್ಪ ಹಿಂದೆ ಸರಿ, ನಾನು ಹೊಡೆಯುತ್ತೇನೆ ಎಂದು ಅರ್ಥ" ಎಂದೆ. ಇಂಗ್ಲಿಷಿನಲ್ಲಿ ಹೇಳಿದೆ, ಚೊಕ್ಕವಾಗಿ. ಅವನು ತಪ್ಪು ತಿಳಿದು ಹೊಡೆದಿರಬೇಕು ಎಂದೂ ಸೇರಿಸಿದೆ.

ಸೆಕ್ರೆಟರಿ ಶೇಷಗಿರಿಯ ಕಡೆ ತಿರುಗಿ, ನೀವೂ ಆ ಭಾಷೆಯವರಲ್ಲವೇ, ಇದು ಸರಿಯೇ ಎಂದು ಕೇಳಿದರು. ಶೇಷಗಿರಿ ತನ್ನ ಬೂಟು ನೋಡಿಕೊಂಡು ಸರಿ ಎಂದ.

ಓದಿದವರಿಬ್ಬರು ಒಂದು ಕಡೆ, ಮಣ್ಣು ಅಗೆದವನೊಬ್ಬ ಒಂದು ಕಡೆ. ಅಲ್ಲೇ ಬಿಲ್ಲೆ ಬಿಚ್ಚಿಸಿದರು. ಅಂಗಿಯ ಜೇಬಿನ ಮೇಲೆ ಪಿನ್ನಿನ ಎರಡು ತೂತು ಉಳಿದವು. ಅವನು ನನ್ನನ್ನು ಬೈಯುತ್ತಾನೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಚೀಲ ಇಳಿಸಿ ನೆಟ್ಟಗೆ ನಿಲ್ಲಿಸಿದ.

"ಒಂಬತ್ತನೇ ನಂಬರಿಗೆ ಮಣ್ಣು ಹತ್ತೈತಿ. ಒರೆಸಿ ಇಡ್ರಿ, ತುಕ್ಕು ಹಿಡೀತೈತಿ" ಎಂದ. ಹೋದ.

ಉಳಿದ ನಾಲ್ಕು ಗುಂಡಿಯನ್ನು ನಾವು ಆಡಿ ಮುಗಿಸಿದೆವು. ಇದನ್ನೂ ಬರೆದುಬಿಡುತ್ತೇನೆ. ಆಡಿದೆವು.

ಡಿಸೆಂಬರಿನಲ್ಲಿ ಬೇರೊಬ್ಬ ಮಾರ್ಕರ್ ಆದ. ವರ್ಗದ ಪಟ್ಟಿಯೂ ಬಂತು. ಶೇಷಗಿರಿಗೆ ಉಡುಪಿ. ನನಗೆ ವಿಜಯವಾಡ, ಅದೇ ಒನ್ ಟೌನ್ ಶಾಖೆ, ಈ ಸಲ ಗಾಜಿನ ಕೋಣೆಯೊಳಗೆ. ಹಿಂದೆ ನಾನು ಅಡ್ಡ ಮಲಗಿದ್ದ ಬಾಗಿಲಲ್ಲೇ ದಿನಾ ಒಳಗೆ ಹೋಗುತ್ತಿದ್ದೆ. ಹಳೇ ಜವಾನರು ಎದ್ದು ನಮಸ್ಕಾರ ಅನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

1994ರ ಬೇಸಿಗೆಯಲ್ಲಿ, ವಿಜಯವಾಡದಲ್ಲೇ, ಪಟಮಟದ ಕಡೆಯಿಂದ ಬಂದ ಬಸ್ಸಿಳಿದು ಶಾಖೆಗೆ ನಡೆಯುವಾಗ, ಮೆಣಸಿನಕಾಯಿ ಮಂಡಿಯ ಮುಂದೆ ಹಮಾಲರ ಸಾಲು. ಲಾರಿಯಿಂದ ಮೂಟೆ ಬೆನ್ನಿಗೆ ಇಳಿಸಿಕೊಳ್ಳುತ್ತಿದ್ದರು. ಒಬ್ಬನ ಮುಖ ಮೂಟೆಯ ಕೆಳಗೆ ಕಾಣುತ್ತಿರಲಿಲ್ಲ. ಕಾಲು ಕಂಡಿತು. ಮೂಟೆ ಬೆನ್ನಿಗೆ ಬೀಳುವ ಮೊದಲೇ ಭಾರ ಮುಂದಿನ ಕಾಲಿಗೆ ಹೋಗಿತ್ತು, ಹಿಂದಿನ ಕಾಲು ಬೆರಳ ಮೇಲಿತ್ತು. ಗುರುತು ಹಿಡಿಯಲು ಮುಖ ಬೇಕಾಗಲಿಲ್ಲ.

ಶಂಕರಪ್ಪ ಹೆಂಡತಿಯ ಊರು ಸೇರಿದ್ದ, ನನ್ನನ್ನು ಮನೆಗೆ ಕರೆದುಕೊಂಡು ಹೋದ. ಇಂದ್ರಕೀಲಾದ್ರಿ ಬೆಟ್ಟದ ಬುಡದಲ್ಲಿ, ಬಂಡೆಗೆ ಆನಿಸಿದ ಒಂದು ಖೋಲಿ. ಕನಕಲಕ್ಷ್ಮಿ ನೀರು ಕೊಟ್ಟಳು. ಇವನೇನಾ ಆ ಮನುಷ್ಯ ಎಂದು ಗಂಡನನ್ನು ತೆಲುಗಿನಲ್ಲಿ ಕೇಳಿದಳು. ನನಗೆ ತೆಲುಗು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದಳು. ನಾನು ಇಪ್ಪತ್ತು ರೂಪಾಯಿ ತೆಗೆದೆ. ಶಂಕರಪ್ಪ ಮುಟ್ಟಲಿಲ್ಲ. ಅವನಿಗೆ ಬೇಕಾದ್ದು ಬೇರೆ ಇತ್ತು. ಆ ಮಾರ್ಕರ್ ಬಿಟ್ಟುಹೋಗಿದ್ದಾನೆ, ಜಾಗ ಖಾಲಿ ಇದೆ. ಹಳೇ ತಪ್ಪು ತನ್ನದಲ್ಲವೆಂದು ಅವತ್ತಿನ ಸಾಹೇಬರು ಬರೆದುಕೊಟ್ಟರೆ ಬಿಲ್ಲೆ ವಾಪಸು ಕೊಡುತ್ತೇವೆ ಎಂದು ಕ್ಲಬ್ಬಿನವರು ಹೇಳಿದ್ದಾರೆ. ಎರಡು ಸಾಲು ಸಾಕು.

ಬರೆದುಕೊಡುತ್ತೇನೆ ಎಂದೆ. ನೂರಾರು ಮನವಿ ಬರೆದ ಕೈ ಇದು. ಸಚಿವರ ಮುಖಕ್ಕೆ ಹಿಡಿಯುವಂಥ ಕಾಗದ ಬರೆದಿದ್ದೇನೆ. ಆ ರಾತ್ರಿ ಬರೆದದ್ದು ಇಷ್ಟು: 'ಸದರಿ ಸಂದರ್ಭದಲ್ಲಿ ನೀಡಲಾದ ಸೂಚನೆಯಲ್ಲಿ ಅಸ್ಪಷ್ಟತೆ ಇದ್ದಿರಬಹುದಾಗಿದ್ದು, ತಪ್ಪು ಗ್ರಹಿಕೆಗೆ ಅವಕಾಶವಾಗಿರುವ ಸಾಧ್ಯತೆಯನ್ನು ಪರಿಗಣಿಸಬಹುದು.' ಸತ್ಯಮೂರ್ತಿ ಆಗ ಜನರಲ್ ಮ್ಯಾನೇಜರ್. ನನ್ನ ಅರ್ಜಿ ಮತ್ತೆ ಅವರ ಮೇಜಿನ ಮೇಲಿತ್ತು.

ಅದನ್ನು ಇಂಗ್ಲಿಷ್ ಮಾಡಿ ಅಂಚೆಗೆ ಹಾಕಿ, ಪ್ರತಿಯನ್ನು ಮಂಡಿಗೆ ಒಯ್ದು ಶಂಕರಪ್ಪನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಮೂಟೆಯ ಮೇಲೆ ಕೂತು ಪೂರ್ತಿ ಕೇಳಿದ.

"ಇದ್ರಾಗ ನೀವು ಎಲ್ಲಿ ಅದೀರಿ ಸಾರ್?"

ಪ್ರತಿಯನ್ನು ಮಡಚಿ ಜೇಬಿಗಿಟ್ಟೆ. ಅವನು ಎದ್ದು ಮುಂದಿನ ಲಾರಿಗೆ ಹೋದ. ಕ್ಲಬ್ಬಿನ ಉತ್ತರ ತಿಂಗಳಲ್ಲಿ ಬಂತು: ತಪ್ಪು ತಿಳಿದವನು ಅವನೇ ಎಂದು ಪತ್ರವೂ ಹೇಳುವುದರಿಂದ ತೀರ್ಮಾನ ಬದಲಾಗದು.

1997ರಲ್ಲಿ ಪೆನ್ಷನ್ ತೆಗೆದುಕೊಂಡು ದಾವಣಗೆರೆಗೆ ಬಂದೆ. ಕಳೆದುಕೊಳ್ಳುವುದು ಏನೂ ಉಳಿಯದ ಮೇಲೆ ಧೈರ್ಯ ಬಂತು. ಅದಕ್ಕೆ ಧೈರ್ಯ ಎನ್ನುವುದಿಲ್ಲ, ಗೊತ್ತು. ಆದರೂ ಕ್ಲಬ್ಬಿಗೆ ಬರೆದೆ: ಹೊಡೆ ಎಂದವನು ನಾನು, ಅರ್ಥ ಸುಳ್ಳು ಹೇಳಿದವನು ನಾನು. ಹೊಸ ಸೆಕ್ರೆಟರಿ ಸಭ್ಯವಾಗಿ ಉತ್ತರಿಸಿದರು. ಆಡಿದ ಮಾತು ದಾಖಲೆಯಲ್ಲಿದೆ, ಕಾರ್ಡು ಕಡತದಲ್ಲಿದೆ. ಆದರೆ ಅದರ ಅರ್ಥವನ್ನು ನೀವು ಈಗ ಮೂರು ಸಲ ಮೂರು ರೀತಿ ಹೇಳಿದ್ದೀರಿ. ಆ ಭಾಷೆ ಬಲ್ಲ, ನಿಮಗೆ ಸಂಬಂಧಪಡದ ಜನ ಹೇಳಿದರೆ ಪರಿಶೀಲಿಸುತ್ತೇವೆ. ಅವರ ಮಾತು ನ್ಯಾಯವೇ. ಉಡುಪಿಗೆ ಹೋಗಿ ಶೇಷಗಿರಿಯನ್ನು ಕೇಳಿದೆ. "ಬಿಡಾ ಮಾರಾಯ, ಹಳೇ ಹೊಲಸು ಕೆದಕಿ ಎಂತ ಮಾಡ್ತಿ" ಎಂದು ಮೀನು ಊಟ ಹಾಕಿಸಿ ಕಳಿಸಿದ.

ಈಗ 1999. ಶಂಕರಪ್ಪನಿಗೆ ನಲವತ್ತನಾಲ್ಕು. ಮಂಡಿಯಲ್ಲಿ ಮೂಟೆ ಹೊರುತ್ತಿದ್ದಾನೆ. ಸೊಂಟ ಇನ್ನು ಎರಡು ವರ್ಷ ತಾಳೀತು ಎಂದು ಅವನೇ ಹೇಳುತ್ತಾನೆ. ಕಲಿಸಲು ಸೊಂಟ ಬೇಕಿಲ್ಲ, ಕಣ್ಣು ಸಾಕು. ಅದು ಅವನಿಗೆ ಇದೆ.

ನೀವು ಇಲ್ಲಿಯ ತನಕ ಓದಿದಿರಿ ಎಂದರೆ ನಿಮಗೆ ಕನ್ನಡ ಬರುತ್ತದೆ. ಆ ದಿನ ಹಳ್ಳದ ದಂಡೆಯಲ್ಲಿ ಕನ್ನಡ ಬರುವವರು ಮೂವರಿದ್ದೆವು, ಇಬ್ಬರು ಸುಳ್ಳು ಹೇಳಿದೆವು. ಕಾರ್ಡಿನಲ್ಲಿರುವ ಮಾತು ನಿಮಗೂ ಈಗ ಗೊತ್ತು. 'ನೀನೊಂದು ಹೊಡೆದು ತೋರ್ಸು' ಎಂದರೆ ಏನು ಅರ್ಥ? ಒಂದು ಅಂಚೆ ಕಾರ್ಡಿನಲ್ಲಿ ಬರೆಯಿರಿ, ಕೆಳಗೆ ನಿಮ್ಮ ಹೆಸರು, ಊರು ಹಾಕಿ, ಈ ಪುಸ್ತಕದ ಹಿಂಬದಿಯಲ್ಲಿರುವ ಪ್ರಕಾಶಕರ ವಿಳಾಸಕ್ಕೆ ಕಳಿಸಿ. ಕಟ್ಟು ಕಟ್ಟಿಕೊಂಡು ನಾನೇ ವಿಶಾಖಪಟ್ಟಣಕ್ಕೆ ಹೊತ್ತೊಯ್ಯುತ್ತೇನೆ. ನನ್ನ ಮೇಲೆ ಕನಿಕರ ಬೇಡ, ಬೈಗುಳವೂ ಬೇಡ, ಅದಕ್ಕೆಲ್ಲ ಕಾರ್ಡಿನಲ್ಲಿ ಜಾಗವಿಲ್ಲ. ಅರ್ಥ ಬರೆಯಿರಿ. ಇವತ್ತೇ ಬರೆಯಿರಿ.